ಹರದೇಶಿಯ ಹಾಡು, ನಾಗೇಶಿಯ ಬಾಯಿ

ಸಾವಕ್ಕನ ದವಡೆ ಮುರಿದದ್ದು ಶ್ರಾವಣದ ಒಂದು ಬುಧವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ತಮ್ಮೂರು ಗಲಗಲಿ ಇನ್ನೂ ಎರಡು ಕಿಲೋಮೀಟರ್ ದೂರ ಇರುವಾಗ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗಿತ್ತು. ರಸ್ತೆಯ ಎರಡೂ ಕಡೆ ಆಳೆತ್ತರದ ಕಬ್ಬು. ಮುಂದೆ ಅಣ್ಣ ಪರಸಪ್ಪ ದಪ್ಪನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ನಡೆದಿದ್ದ. ಹಿಂದೆ ಸಾವಕ್ಕ, ಅವಳ ಪಕ್ಕದಲ್ಲಿ ಪರಸಪ್ಪನ ಹೆಂಡತಿ ಕರೆವ್ವ. ಮೂವರು ಸೇರಿದರೆ ಒಂದು ಗೀಗೀ ಮೇಳ. ಸಾವಕ್ಕ ಹಾಡು ಕಟ್ಟಿ ಹಾಡುವವಳು, ಕರೆವ್ವ ಹಿಂದೆ ದನಿಗೂಡಿಸುವವಳು, ಪರಸಪ್ಪ ದಪ್ಪು ಬಾರಿಸುವವನು.

ಎರಡು ಬೈಕು ಹಿಂದಿನಿಂದ ಬಂದು ಅಡ್ಡ ನಿಂತವು. ನಾಲ್ವರು ಇಳಿದರು. ಒಬ್ಬನ ಮುಖ ಸಾವಕ್ಕನಿಗೆ ಪರಿಚಯದ್ದೇ. ರಬಕವಿಯ ಹಾಡುಗಾರ ಶಿದ್ರಾಮಪ್ಪನ ತಮ್ಮನ ಮಗ ವೀರೇಶ. ದೊಡ್ಡಪ್ಪನ ಮೇಳಕ್ಕೆ ಗಾಡಿ ಹೊಡೆಯುವವನು, ಹಾಡಿನ ವಿಡಿಯೋ ತೆಗೆಯುವವನು ಅವನೇ. ಕೈಯಲ್ಲಿ ಟೆಂಪೋದ ಜಾಕಿನ ರಾಡು ಇತ್ತು.

"ಯಾಕೋ ತಮ್ಮಾ, ಏನಾತು?" ಎಂದು ಪರಸಪ್ಪ ಕೇಳುವಷ್ಟರಲ್ಲಿ ಒಬ್ಬ ಅವನ ಹೊಟ್ಟೆಗೆ ಒದ್ದ. ಬಿದ್ದವನ ಬಲಗೈಯನ್ನು ಡಾಂಬರಿನ ಮೇಲೆ ಚಾಚಿಸಿ ಒಬ್ಬ ಮಣಿಕಟ್ಟು ಒತ್ತಿ ಹಿಡಿದ, ಇನ್ನೊಬ್ಬ ಬೂಟಿನ ಹಿಮ್ಮಡಿಯಿಂದ ಬೆರಳುಗಳನ್ನು ತುಳಿದ. ತುಳಿಯುವಾಗ ಎಣಿಸುತ್ತಿದ್ದ. ದಪ್ಪು ಉರುಳಿ ರಸ್ತೆಯ ಅಂಚಿಗೆ ಹೋಗಿತ್ತು. ಅದರ ಚರ್ಮದಲ್ಲಿ ಕಾಲು ತೂರಿಸಿ ಹರಿದರು. ಕರೆವ್ವ ತನ್ನನ್ನು ಹಿಡಿದಿದ್ದವನ ಮುಂಗೈಗೆ ಬಾಯಿ ಹಾಕಿದಳು. ಅವನು ಕೂಗಿಕೊಂಡರೂ ಬಿಡಲಿಲ್ಲ. ಬಿಟ್ಟಾಗ ಅವಳ ಬಾಯಲ್ಲಿ ಅವನ ಮಾಂಸದ ಒಂದು ಚೂರು ಇತ್ತು. ಅದನ್ನು ಉಗುಳಿ ಮತ್ತೆ ಎರಗಿದಳು. ಕೆನ್ನೆಗೆ ಬಿದ್ದ ಏಟಿಗೆ ಚರಂಡಿಗೆ ಉರುಳಿದಳು.

ವೀರೇಶ ಸಾವಕ್ಕನ ತುರುಬು ಹಿಡಿದು ಮುಖ ಮೇಲಕ್ಕೆತ್ತಿದ.

"ನಮ್ಮ ದೊಡ್ಡಪ್ಪನ ರುಮಾಲ ತಗಿಸಿದ ಬಾಯಿ ಇದ ಹೌದಲ್ಲೇ?"

"ರುಮಾಲ ಅವರಾಗೇ ತಗದರೋ ತಮ್ಮಾ..." ಎಂದು ಸಾವಕ್ಕ ಹೇಳುತ್ತಿದ್ದಳು. ಬಾಯಿ ತೆರೆದೇ ಇತ್ತು. ರಾಡು ಬಿದ್ದದ್ದು ಆಗ. ಒಣ ಜೋಳದ ದಂಟು ಮುರಿದಂಥ ಸಪ್ಪಳ ತನ್ನ ಕಿವಿಯ ಒಳಗಿನಿಂದಲೇ ಬಂದದ್ದು ಅವಳಿಗೆ ಗೊತ್ತಾಯಿತು. ಆಮೇಲೆ ಕಬ್ಬಿನ ಗರಿಗಳು ಕಂಡವು, ಆಕಾಶ ಕಂಡಿತು. ನಾಲಗೆಯ ಮೇಲೆ ಎರಡು ಹಲ್ಲು ಸಡಿಲವಾಗಿ ಬಿದ್ದಿದ್ದವು.

ಇಷ್ಟಕ್ಕೆಲ್ಲ ಕಾರಣ ಒಂದು ಹಾಡು. ಗೀಗೀ ಪದದಲ್ಲಿ ಎರಡು ಪಕ್ಷ. ಗಂಡೇ ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣೇ ಹೆಚ್ಚು ಎಂದು ಹಾಡುವವರು ನಾಗೇಶಿ. ಎದುರುಬದುರು ನಿಂತು ಒಬ್ಬರು ಪ್ರಶ್ನೆ ಕಟ್ಟಿ ಹಾಡಬೇಕು, ಇನ್ನೊಬ್ಬರು ಅಲ್ಲೇ ಉತ್ತರ ಕಟ್ಟಬೇಕು. ಶಿದ್ರಾಮಪ್ಪ ಅರವತ್ತೆಂಟರ ಹರದೇಶಿ, ಜನ ಶಾಹೀರ ಎಂದು ಕರೆಯುವ ಹಾಡುಗಾರ. ಸಾವಕ್ಕ ನಲವತ್ತೊಂದರ ನಾಗೇಶಿ. ಹದಿನೈದು ವರ್ಷಗಳಿಂದ ಜಮಖಂಡಿ, ಮುಧೋಳ, ಬೀಳಗಿ ಸುತ್ತಿನ ಊರುಗಳಲ್ಲಿ ಅವರಿಬ್ಬರನ್ನು ಜೋಡಿ ಎಂದೇ ಕರೆಸುತ್ತಿದ್ದರು. ಆ ಜಗಳ ಕೇಳಲು ಹೊಲದ ಕೆಲಸ ಬಿಟ್ಟು ಬರುವ ಜನ ಇದ್ದರು.

ಒಂಬತ್ತು ದಿನದ ಹಿಂದೆ, ಸೋಮವಾರ, ತೇರದಾಳದ ಹತ್ತಿರ ಒಂದು ಮಠದ ಅಂಗಳದಲ್ಲಿ ಶಿದ್ರಾಮಪ್ಪ ಗಂಡಿನ ಶೌರ್ಯ ಹಾಡಿ ನಿಲ್ಲಿಸಿದ. ಸಾವಕ್ಕ ಎದ್ದು ನಿಂತು ಕೇಳಿದಳು:

ಕತ್ತಿ ಹಿಡದ ಕೈಯ ದೊಡ್ಡದಂತ ಸಾರಿದಿ ಶಾಹೀರಾ
ಆ ಕೈಗೆ ಐದು ಬೆರಳ ಮೂಡಿದ್ದು ಎಲ್ಲೆಂತ ಹೇಳ ಶಾಹೀರಾ

ಅದು ಅವಳು ಮೊದಲೇ ಕಟ್ಟಿಟ್ಟ ಹಾಡಲ್ಲ. ಅವನು ಕೈಯೆತ್ತಿ ಕತ್ತಿ ಬೀಸುವಂತೆ ತೋರಿಸಿದಾಗ ಆ ಮುದಿ ಬೆರಳುಗಳು ಬಿಸಿಲಲ್ಲಿ ಕೆಂಪಾಗಿ ಕಂಡಿದ್ದವು, ಅಲ್ಲಿಂದ ಬಂತು. ಶಿದ್ರಾಮಪ್ಪ ದಪ್ಪು ಎತ್ತಿದ, ಇಳಿಸಿದ. ಇನ್ನೊಮ್ಮೆ ಎತ್ತಿದ. ಕೊನೆಗೆ ನಕ್ಕು, ತಲೆಯ ರುಮಾಲು ತೆಗೆದು ಅವಳ ಕಡೆ ಬಾಗಿದ. ಹಾಡುಗಾರ ಹಾಡುಗಾರಳಿಗೆ ಕೊಟ್ಟ ಮರ್ಯಾದೆ ಅದು. ಜನ ಸಿಳ್ಳೆ ಹೊಡೆದರು. ಆದರೆ ಯಾರೋ ಅಷ್ಟನ್ನೇ ಕತ್ತರಿಸಿ ಮೊಬೈಲಿನಲ್ಲಿ ಬಿಟ್ಟರು. ಕೇರಿಯ ಹೆಂಗಸಿನ ಮುಂದೆ ರುಮಾಲು ಇಳಿಸಿದ ಶರಣರು ಎಂದು ಕೆಳಗೆ ಬರೆದರು. ಒಂಬತ್ತು ದಿನ ವೀರೇಶ ಅದನ್ನೇ ನೋಡುತ್ತಿದ್ದನಂತೆ.

ಜಿಲ್ಲಾ ಆಸ್ಪತ್ರೆಯಲ್ಲಿ ಸಾವಕ್ಕನ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದ ಬಿಗಿದರು. ದವಡೆ ಎರಡು ಕಡೆ ಮುರಿದಿತ್ತು. ಆರು ವಾರ ಬಾಯಿ ತೆರೆಯುವಂತಿಲ್ಲ, ಗಂಜಿ ಹಾಲು ಎಲ್ಲ ನಳಿಕೆಯಿಂದ. ಮನೆಗೆ ಕಳಿಸುವಾಗ ಡಾಕ್ಟರು ಕರೆವ್ವನ ಕೈಗೆ ಒಂದು ತಂತಿ ಕತ್ತರಿಸುವ ಇಕ್ಕಳ ಕೊಟ್ಟರು.

"ವಾಂತಿ ಬಂದರೆ ತಡ ಮಾಡಬೇಡಿ. ತಂತಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಉಸಿರು ಕಟ್ಟುತ್ತೆ."

ಪರಸಪ್ಪನ ನಾಲ್ಕು ಬೆರಳಿಗೆ ಕಟ್ಟು ಬಿದ್ದಿತ್ತು. ಎರಡು ಸೊಟ್ಟಗೇ ಉಳಿಯುತ್ತವೆ ಎಂದರು. ಠಾಣೆಯಲ್ಲಿ ಹೆಸರು ಹೇಳಿ ದೂರು ಬರೆಸಿದರು. ಹಲ್ಲಿನ ಗುರುತು ಬಿದ್ದವನು ಎರಡೇ ದಿನಕ್ಕೆ ಸಿಕ್ಕ. ವೀರೇಶ ಸಿಗಲಿಲ್ಲ. ಊರಿನ ನಾಲ್ಕು ಜನ ದೊಡ್ಡವರು ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತು, ಅಟ್ರಾಸಿಟಿ ಕೇಸು ಅಂದರೆ ಎರಡೂ ಕಡೆ ಮನೆ ಹಾಳು, ಮಾತಲ್ಲಿ ಮುಗಿಸಿಕೊಳ್ಳಿ ಎಂದರು. ಪರಸಪ್ಪ ಅವರೆದುರಿಗೆ ಕಬ್ಬು ಕಡಿಯುವ ಕೊಯ್ತಾವನ್ನು ಕಲ್ಲಿಗೆ ತಿಕ್ಕುತ್ತ ಕುಳಿತಿದ್ದ. ಎಡಗೈಯಿಂದ ತಿಕ್ಕುತ್ತಿದ್ದ. ದೊಡ್ಡವರು ಚಹಾ ಮುಗಿಸದೆ ಎದ್ದರು.

ಸಾವಕ್ಕ ಒಳಗೆ ಗೋಡೆಗೆ ಆತು ಕೂತಿರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಇದೇ ಅಣ್ಣನ ಮನೆ ಅವಳ ಮನೆ. ಹನ್ನೆರಡರ ವಯಸ್ಸಿಗೆ ಕಳೆ ಕೀಳುತ್ತ ಮೊದಲ ಹಾಡು ಕಟ್ಟಿದವಳು. ಅಂದಿನಿಂದ ತಲೆಯಲ್ಲಿ ಹಾಡಿನ ಸಾಲು ಇಲ್ಲದ ದಿನ ಗೊತ್ತಿರಲಿಲ್ಲ. ಈಗ ಏನೂ ಬರುತ್ತಿರಲಿಲ್ಲ. ನೋಟುಬುಕ್ಕು ತೆಗೆದು ವೀರೇಶನ ಮೇಲೆ ಬರೆದಳು. ಅವನ ಕೈ ಉದುರಲಿ, ಅವನ ವಂಶ ಉರಿಯಲಿ ಎಂದು ಮೂರು ಪುಟ ಬರೆದಳು. ಮರುದಿನ ಓದಿದರೆ ಅದರಲ್ಲಿ ಒಂದು ಸಾಲೂ ನಿಲ್ಲುತ್ತಿರಲಿಲ್ಲ. ಸಿಟ್ಟು ಖರೆ ಇತ್ತು, ಹಾಡು ಸುಳ್ಳಾಗಿತ್ತು. ಪುಟ ಹರಿದು ಒಲೆಗೆ ಹಾಕಿದಳು. ಮತ್ತೆ ಬರೆದಳು, ಮತ್ತೆ ಹಾಕಿದಳು. ನಾಲ್ಕನೆಯ ಸಲ ನೋಟುಬುಕ್ಕೇ ಒಲೆಗೆ ಹಾಕಿ, ಕರೆವ್ವನ ಅಂಗೈಯಲ್ಲಿ ಬೆರಳಿನಿಂದ ಬರೆದು ತೋರಿಸಿದಳು: ಇನ್ನ ಹಾಡೂದಿಲ್ಲ.

"ಆತು ಬಿಡು," ಎಂದಳು ಕರೆವ್ವ. "ಹಾಡದಿದ್ರ ಯಾರ ಸಾಯತಾರ. ನಾಳಿಂದ ಇಬ್ಬರೂ ಕಬ್ಬಿನ ಸಸಿ ಹಚ್ಚಾಕ ಹೋಗೂಣು."

ಹಾಗೆ ಹೇಳಿದ ಮೇಲೆ ಸಾವಕ್ಕನಿಗೆ ಹಗುರವಾಯಿತು. ಇನ್ನು ಯಾರೂ ಕೇಳುವುದಿಲ್ಲ. ಇನ್ನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಆ ಹಗುರದಲ್ಲಿ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದಳು.

ಇಪ್ಪತ್ತನೆಯ ದಿನ ಬೆಳಿಗ್ಗೆ ಶಿದ್ರಾಮಪ್ಪ ಬಂದ. ಒಬ್ಬನೇ ಬಂದಿದ್ದ, ಬಸ್ಸಿನಲ್ಲಿ. ತಲೆಯ ಮೇಲೆ ರುಮಾಲು ಇರಲಿಲ್ಲ. ಅಂಗಳಕ್ಕೆ ಕಾಲಿಟ್ಟು "ಪರಸಪ್ಪಾ" ಎಂದ ಅಷ್ಟೆ. ಪರಸಪ್ಪ ಒಂದೇ ಜಿಗಿತಕ್ಕೆ ಬಂದು ಎದೆಗೆ ಮೊಣಕೈ ಕೊಟ್ಟು ಅವನನ್ನು ಕೆಡವಿದ. ಮುದುಕನ ತಲೆ ಒರಳುಕಲ್ಲಿಗೆ ಬಡಿಯಿತು. ಪರಸಪ್ಪ ಅವನ ಎದೆಯ ಮೇಲೆ ಮೊಣಕಾಲೂರಿ ಎಡಗೈಯಲ್ಲಿ ಕೊಯ್ತಾ ಹಿಡಿದು ಕುತ್ತಿಗೆಗೆ ಇಟ್ಟ. ಚರ್ಮ ತುಸು ಬಿಚ್ಚಿ ರಕ್ತ ಒಂದು ಎಳೆ ಇಳಿಯಿತು.

"ಎಲ್ಲಿ ಅದಾನ ಅವ? ಹೇಳ್ರಿ. ಇಲ್ಲಂದ್ರ ನಿಮ್ಮನ್ನ ಇಲ್ಲೇ ಕಡಿತೇನಿ."

"ಗೊತ್ತಿಲ್ಲೋ ಪರಸಪ್ಪ," ಎಂದ ಶಿದ್ರಾಮಪ್ಪ. ಉಸಿರು ಸಾಲುತ್ತಿರಲಿಲ್ಲ. "ಕಡಿಯೂದಿದ್ರ ಕಡಿ. ಆದ್ರ ಮೊದಲ ಆಕೀಗೆ ಉತ್ತರಾ ಕೊಡತೇನಿ. ಒಂದ ತಿಂಗಳಾತು, ಅದು ನನ್ನ ತಲ್ಯಾಗ ಕುಂತೈತಿ. ಊಟಾ ಸೇರವಲ್ದು."

ಬಾಗಿಲಲ್ಲಿ ನಿಂತಿದ್ದ ಸಾವಕ್ಕನ ಕಡೆ ಮುಖ ತಿರುಗಿಸಲು ನೋಡಿದ, ಅಲಗು ಬಿಡಲಿಲ್ಲ. ಆಕಾಶ ನೋಡುತ್ತಲೇ, ಕುತ್ತಿಗೆಯ ಮೇಲೆ ಕೊಯ್ತಾ ಇಟ್ಟುಕೊಂಡೇ, ಒಡೆದ ದನಿಯಲ್ಲಿ ಹಾಡಿದ:

ಬಸರಿನ ಕತ್ತಲಾಗ ಬೆರಳ ಮೂಡಿದ್ದು ಖರೆ ಐತಿ ನಿನ ಮಾತ
ಬೀಜ ಬೀಳದ ಹೊಲದಾಗ ಬೆಳಿ ಎಲ್ಲಿ, ಹೇಳವ್ವ ತಿಳಿಸಿ ಮಾತ

ಸಾವಕ್ಕ ಕೇಳಿದಳು. ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಬಗೆಯ ಸಿಟ್ಟು ಬಂತು. ವೀರೇಶನ ಮೇಲಿನ ಸಿಟ್ಟಿನಂಥದ್ದಲ್ಲ ಅದು. ಬೀಜ, ಹೊಲ. ಎಲ್ಲ ಹರದೇಶಿಗಳೂ ಎಲ್ಲ ಕಾಲಕ್ಕೂ ಹಾಡುವ ಮಾತು. ಇಂಥ ಕಳಪೆ ಉತ್ತರವನ್ನು ಬೇರೆ ಯಾರು ಕೊಟ್ಟಿದ್ದರೂ ಸುಮ್ಮನಿರುತ್ತಿದ್ದಳು. ಶಿದ್ರಾಮಪ್ಪ ಕೊಡಬಾರದಿತ್ತು.

ಒಲೆಯ ಹತ್ತಿರದ ಇದ್ದಿಲು ತಂದು, ಅವನ ತಲೆಯ ಪಕ್ಕದ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬರೆದಳು: ಹಳೇದು. ನಿಮ್ಮ ಗುರುವಿನ ಕಾಲದ್ದು. ಇದಕ್ಕ ಒಂದ ತಿಂಗಳ ಬೇಕಾತೇನ್ರಿ?

ಶಿದ್ರಾಮಪ್ಪ ಕಣ್ಣು ಓರೆ ಮಾಡಿ ಓದಿದ. ಅವನ ಎದೆ ಕುಲುಕಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಪರಸಪ್ಪನಿಗೆ ತಿಳಿಯಲಿಲ್ಲ. ಕೊಯ್ತಾ ಸಡಿಲವಾಯಿತು.

"ಹೌದವ್ವ, ಹಳೇದ," ಎಂದ ಮುದುಕ. "ನೀ ಎದುರಿಗೆ ನಿಂತರ ಹೊಸಾದು ಬರತಿತ್ತು."

ಕರೆವ್ವ ನೀರು ಕೊಟ್ಟಳು. ಅವನು ಕುತ್ತಿಗೆ ಒರೆಸಿಕೊಂಡು ಕುಳಿತಾಗ ಸಾವಕ್ಕ ಮತ್ತೆ ಕಲ್ಲಿನ ಮೇಲೆ ಬರೆದಳು: ಅವತ್ತ ಸಂಜೀಕ ವೀರೇಶ ನಿಮಗ ಏನ ಹೇಳಿದ?

ಶಿದ್ರಾಮಪ್ಪ ಇದ್ದಿಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ. "ಮನಿಗೆ ಬಂದಿದ್ದ. ರಾಡ್ ತೊಳದ ಮಗ್ಗದ ಶೆಡ್ಡಿನಾಗ ಇಟ್ಟ. ನಿಮ್ಮ ಮರ್ಯಾದಿ ತಿರುಗಿ ತಂದೇನಿ ಅಂದ. ಆಂವನ್ನ ನಾಕು ವರ್ಷದಂವ ಇದ್ದಾಗಿಂದ ನಾ ಬೆಳಸೇನಿ ಸಾವಕ್ಕ."

ಅದನ್ನ ಠಾಣ್ಯಾಗ ಹೇಳ್ರಿ, ಆಮ್ಯಾಲ ನನ್ನ ಉತ್ತರಾ ಕೇಳಾಕ ಬರ್ರಿ, ಎಂದು ಬರೆದಳು. ಅವನು ಎದ್ದು ಹೋದ.

ಅವಳ ಉತ್ತರ ಮರುದಿನ ಬೆಳಿಗ್ಗೆ ಪಾತ್ರೆ ತಿಕ್ಕುವಾಗ ಬಂತು. ಬರಬೇಡ ಎಂದರೂ ಬಂತು. ಮುದುಕ ಠಾಣೆಗೆ ಹೋದನೋ ಇಲ್ಲವೋ ಗೊತ್ತಿಲ್ಲ, ನ್ಯಾಯ ಆಗಿಲ್ಲ, ದವಡೆಯಲ್ಲಿ ತಂತಿ ಇದೆ. ಹಾಡಿಗೆ ಅದಾವುದರ ಹಂಗೂ ಇರಲಿಲ್ಲ. ಅದು ಅವಳಿಗೆ ನಾಚಿಕೆ ತಂದಿತು, ಖುಷಿಯನ್ನೂ ತಂದಿತು. ಬಿಗಿದ ಹಲ್ಲುಗಳ ಹಿಂದೆಯೇ ಗುನುಗಿದಳು. ಕರೆವ್ವ ಹಿಟ್ಟು ನಾದುವುದು ಬಿಟ್ಟು ತಿರುಗಿ ನೋಡಿದಳು.

ಐದು ದಿನದ ನಂತರ ಶಿದ್ರಾಮಪ್ಪನ ಫೋನು ಬಂತು. ಹೇಳಿಕೆ ಕೊಟ್ಟಿದ್ದೇನೆ, ರಾಡೂ ಪೊಲೀಸರ ಕೈಗೆ ಒಪ್ಪಿಸಿದ್ದೇನೆ, ಈಗ ಉತ್ತರ ಕೇಳುವ ಹಕ್ಕು ನನಗಿದೆ ಎಂದ. ಗಲಗಲಿಗೆ ಬರಲು ಮೈ ಸರಿಯಿಲ್ಲ ಎಂದ. ಸಾವಕ್ಕ ಹಾಡನ್ನು ಚೀಟಿಯಲ್ಲಿ ಬರೆದುಕೊಂಡಳು. ಪರಸಪ್ಪ ತಾನೂ ಬರುತ್ತೇನೆ ಎಂದ. ಏಟು ಬಿದ್ದಂದಿನಿಂದ ಅವನು ಎಲ್ಲಿಗೆ ಹೋದರೂ ಕೈಚೀಲದಲ್ಲಿ ಕೊಯ್ತಾ ಇರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ತೆಗೆದಿಡು ಎಂದು ಬರೆದು ತೋರಿಸಬೇಕಿತ್ತು, ತೋರಿಸಲಿಲ್ಲ.

ರಬಕವಿಯಲ್ಲಿ ಇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಓಣಿಯ ತುಂಬ ಮಗ್ಗಗಳ ಸದ್ದು. ಶಿದ್ರಾಮಪ್ಪನ ಮನೆಯ ಹಿಂದಿನ ಶೆಡ್ಡಿನಲ್ಲಿ ಮಾತ್ರ ಮಗ್ಗಗಳು ನಿಂತಿದ್ದವು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು.

ಪರಸಪ್ಪ ಬಾಗಿಲು ದೂಡಿದ. ಒಳಗೆ ನೆಲದ ಮೇಲೆ ಬೆಂಕಿ. ಉರಿಯುತ್ತಿದ್ದುದು ನೋಟುಬುಕ್ಕುಗಳು, ಶಿದ್ರಾಮಪ್ಪ ನಲವತ್ತು ವರ್ಷ ಬರೆದಿಟ್ಟ ಹಾಡುಗಳು. ಮುದುಕ ಬೆಂಕಿಯೊಳಕ್ಕೆ ಕೈ ತೂರಿಸಿ ಒಂದನ್ನು ಎಳೆಯುತ್ತಿದ್ದ. ಇಷ್ಟು ದಿನ ತಲೆತಪ್ಪಿಸಿಕೊಂಡಿದ್ದ ವೀರೇಶ ಅವನ ಬೆನ್ನಿಗೆ ಒದೆಯುತ್ತಿದ್ದ. ಒದ್ದಾಗಲೆಲ್ಲ ಮುದುಕನ ಮುಖ ಬೆಂಕಿಯ ಕಡೆ ಹೋಗುತ್ತಿತ್ತು, ಅವನು ಮೊಣಕೈ ಊರಿ ತಡೆಯುತ್ತಿದ್ದ.

"ನಿಮ್ಮ ಸಲುವಾಗಿ ಮಾಡಿದೆ," ಎನ್ನುತ್ತಿದ್ದ ವೀರೇಶ. ಅಳುತ್ತಿದ್ದ. "ನಿಮ್ಮ ಸಲುವಾಗಿ ಮಾಡಿದ್ರ ನನ್ನ ಹಿಡಕೊಟ್ರಿ. ಆಕೀ ಸಲುವಾಗಿ ನನ್ನ ಹಿಡಕೊಟ್ರಿ."

ಪರಸಪ್ಪನ ಚೀಲ ನೆಲಕ್ಕೆ ಬಿದ್ದದ್ದನ್ನು ಸಾವಕ್ಕ ಕಂಡಳು. ಕೂಗಲು ನೋಡಿದಳು. ಗಂಟಲಿನಿಂದ ಎದ್ದ ಕೂಗು ಹಲ್ಲಿಗೆ ಬಡಿದು ಮೂಗಿನಿಂದ ಗೊಗ್ಗರು ಸದ್ದಾಗಿ ಹೊರಬಿತ್ತು. ವೀರೇಶ ಅದನ್ನು ಕೇಳಿ ತಿರುಗಿದ, ತಿರುಗಿ ಕೈ ಅಡ್ಡ ಹಿಡಿದ. ಕೊಯ್ತಾ ಅವನ ಬಲಗೈಯ ಮೊಣಕೈ ಕೆಳಗೆ ಇಳಿಯಿತು. ಕಬ್ಬಿಗೆ ಬೀಳುವಂತೆಯೇ ಬಿತ್ತು, ಓರೆಯಾಗಿ, ಎಲುಬಿನವರೆಗೆ. ನೇಯ್ದ ಸೀರೆಯ ರಾಶಿಯ ಮೇಲೆ ರಕ್ತ ಸಿಡಿಯಿತು. ಪರಸಪ್ಪ ಮತ್ತೆ ಎತ್ತಿದ. ಈ ಸಲ ಕುತ್ತಿಗೆಯ ಕಡೆ ನೋಡುತ್ತಿದ್ದ.

ಸಾವಕ್ಕ ಅಣ್ಣನ ತೋಳಿಗೆ ಜೋತುಬಿದ್ದಳು. ಅಲಗು ಅವಳ ಭುಜವನ್ನು ಸೀಳಿಕೊಂಡು ಹೋಯಿತು. ಅವಳು ಬಿಡಲಿಲ್ಲ. ಅವನು ಎಳೆದಾಡಿದ, ಅವಳನ್ನು ಗೋಡೆಗೆ ಬಡಿದ, ಆದರೂ ಬಿಡಲಿಲ್ಲ. ಕೊನೆಗೆ ಅವನ ಕೈ ಸೋತಿತು. ಕೊಯ್ತಾ ಬಿತ್ತು. ಪರಸಪ್ಪ ಮಗ್ಗಕ್ಕೆ ಒರಗಿ ಕುಳಿತು ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡ. ಅಷ್ಟರಲ್ಲಿ ಬೆಂಕಿ ತನ್ನ ಕೆಲಸ ಮುಗಿಸಿತ್ತು.

ವೀರೇಶನ ಹೆಂಡತಿ ಶೈಲಾ ಒಳಮನೆಯಿಂದ ಓಡಿ ಬಂದವಳು ಒಂದು ಹೊಸ ಸೀರೆ ಹರಿದು ಗಂಡನ ತೋಳಿಗೆ ಬಿಗಿದಳು. ಸಾವಕ್ಕ ಗಂಟಿನ ಮೇಲೆ ಬೆರಳು ಒತ್ತಿ ಹಿಡಿದಳು. ಆಂಬುಲೆನ್ಸ್ ಬರುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವೀರೇಶ ಬದುಕಿದ, ಬಲಗೈ ಮಾತ್ರ ಕೆಲಸಕ್ಕೆ ಬಾರದಾಯಿತು. ಆಸ್ಪತ್ರೆಯಿಂದಲೇ ಅವನನ್ನು ಜೈಲಿಗೆ ಒಯ್ದರು. ಪರಸಪ್ಪನ ಮೇಲೆ ಕೊಲೆ ಯತ್ನದ ಕೇಸಾಯಿತು. ಇಬ್ಬರೂ ಒಂದೇ ಜೈಲಿನ ಬೇರೆ ಬೇರೆ ಬ್ಯಾರಕಿನಲ್ಲಿದ್ದರು.

ಭುಜಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಸಾವಕ್ಕನನ್ನು ಕರೆವ್ವ ಹೊಸ್ತಿಲಲ್ಲೇ ತಡೆದಳು. ಕೈ ಬೀಸಿ ಹೊಡೆದಳು. ತಂತಿ ಹಾಕಿದ ಮುಖ ಬಿಟ್ಟು ಬೆನ್ನಿಗೆ, ತೋಳಿಗೆ ಹೊಡೆದಳು. ಉಸಿರು ತೀರುವವರೆಗೆ ಹೊಡೆದಳು.

"ನಿನ್ನ ಹಾಡಿನ ಸಲುವಾಗಿ ನನ್ನ ಗಂಡನ ಬೆರಳ ಹ್ವಾದೂ. ನಿನ್ನ ಹಾಡಿನ ಸಲುವಾಗಿ ಗಂಡನೂ ಹ್ವಾದ. ಒಂದ ಚೀಟಿ ಕೊಡಾಕ ರಬಕವಿಗೆ ಹೋಗಿದ್ದಿ ನೀ. ಒಂದ ಚೀಟಿ."

ಸಾವಕ್ಕ ಹೊಡೆಸಿಕೊಂಡಳು. ಆಮೇಲೆ ಇಬ್ಬರೂ ಅಲ್ಲೇ ಹೊಸ್ತಿಲ ಮೇಲೆ ಕುಳಿತರು. ರೊಟ್ಟಿ ಯಾರೂ ಬಡಿಯಲಿಲ್ಲ ಅಂದು.

ಏಳನೆಯ ವಾರ ತಂತಿ ತೆಗೆದರು. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಿ ಹಿಡಿಯಬೇಕು, ವಾರಕ್ಕೆ ಒಂದು ಕಡ್ಡಿ ಹೆಚ್ಚಿಸಬೇಕು ಎಂದರು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೀಗೆ ಐದು ಕಡ್ಡಿ ಹೆಚ್ಚಿದ ಮೇಲೆ ದನಿ ತೆಗೆದು ನೋಡಿದಳು. ಹಳೆಯ ದನಿ ಇರಲಿಲ್ಲ. 'ಶ' ಹೇಳಿದರೆ ಗಾಳಿ ಸೋರುತ್ತಿತ್ತು. ಮೇಲಿನ ಸ್ವರಕ್ಕೆ ಬಾಯಿ ಅಗಲ ಸಾಲುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಶೈಲಾ ಫೋನು ಮಾಡಿದಳು. "ದೊಡ್ಡಮಾವ ಊಟಾ ಬಿಟ್ಟಾರ್ರೀ. ಕೈ ಮಾಯ್ದಾವು, ಆದ್ರ ದಪ್ಪ ಮುಟ್ಟವಲ್ರು. ಹಾಡ ಎಲ್ಲಾ ಸುಟ್ಟೂ, ನಾನೂ ಮುಗದೆ ಅಂತಾರ. ನಿಮಗ ಹೇಳಬೇಕೋ ಬ್ಯಾಡೋ ಗೊತ್ತಿಲ್ಲ."

ಫೋನಿಟ್ಟ ಸಾವಕ್ಕ ರಬಕವಿಗೆ ಹೋಗುತ್ತೇನೆ ಎಂದಾಗ ಕರೆವ್ವ ಮೊರದಲ್ಲಿದ್ದ ಜೋಳ ಕೆಳಗಿಟ್ಟಳು.

"ಆ ಮುದುಕನ ಹಾಡ ಉಳಿಸಿ ನಿನಗೇನ ಬರೂದೈತಿ? ಹೆಣ್ಣಂದ್ರ ಕಾಲ ಕಸಾ ಅಂತ ಹಾಡಿದಾಂವ."

"ಆಂವಾ ಹಂಗ ಹಾಡಿದ್ದಕ್ಕ ನಾ ಹಾಡ ಕಟ್ಟಿದೆ ವೈನಿ," ಎಂದಳು ಸಾವಕ್ಕ. ಮಾತು ಹಲ್ಲಿನ ಸಂದಿಯಿಂದ ನಿಧಾನ ಬರುತ್ತಿತ್ತು. "ಆಂವಾ ಸುಮ್ಮನಾದ್ರ ನಾ ಯಾರಿಗೆ ಎದುರ ಆಗಲಿ?"

ಶಿದ್ರಾಮಪ್ಪ ಮಗ್ಗದ ಶೆಡ್ಡಿನ ಕಟ್ಟೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಂಗೈಗಳ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು. ಸಾವಕ್ಕ ಪಕ್ಕದಲ್ಲಿ ಕುಳಿತು, ನಮಸ್ಕಾರ ಹೇಳದೆ, ಒಂದು ಹಾಡು ಶುರು ಮಾಡಿದಳು. ಅವಳದ್ದಲ್ಲ, ಅವನದ್ದೇ. ಹನ್ನೊಂದು ವರ್ಷದ ಹಿಂದೆ ರನ್ನ ಬೆಳಗಲಿಯಲ್ಲಿ ಅವಳನ್ನು ಸೋಲಿಸಿದ ಹಾಡು. ಗಂಡಿನ ಬೆವರಿನ ಮೇಲೆ ಕಟ್ಟಿದ್ದು. ಸೋತ ಸಿಟ್ಟಿಗೆ ಅದನ್ನು ಮನೆಯಲ್ಲಿ ನೂರು ಸಲ ಹೇಳಿಕೊಂಡು ಎಲ್ಲಿ ಒಡೆಯಬಹುದೆಂದು ಹುಡುಕಿದ್ದಳು. ಹಾಗೆ ಹುಡುಕಿದ ಅವನ ಹಾಡು ಒಂದಲ್ಲ, ನೂರಾರಿದ್ದವು. ಹದಿನೈದು ವರ್ಷ ಎದುರಾಳಿಯಾಗಿದ್ದವಳಿಗೆ ಅವು ಬಾಯಿಪಾಠ.

ಮೂರನೆಯ ನುಡಿಗೆ ಮುದುಕ ಈ ಕಡೆ ತಿರುಗಿದ.

"ಅಲ್ಲಿ 'ಬೆವರ ಹನಿ' ಅಲ್ಲ. 'ಬೆವರ ಹೊನಲ'."

"ಹನಿ ಇದ್ರ ತಾಳಕ್ಕ ಛಲೋ ಕುಂಡ್ರತೈತ್ರಿ."

"ಕುಂಡ್ರಲಿ ಬಿಡಲಿ. ನಂದು ತಪ್ಪಿದ್ರೂ ನಂದ ಇರಲಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶೈಲಾ ಒಳಗೆ ಹೋಗಿ ಹೊಸ ನೋಟುಬುಕ್ಕು ತಂದಳು. ಅಂದಿನಿಂದ ವಾರಕ್ಕೆರಡು ದಿನ ಸಾವಕ್ಕ ಗಲಗಲಿಯಿಂದ ಬಸ್ಸು ಹಿಡಿದು ಬಂದು ಹೇಳುತ್ತಿದ್ದಳು, ಮುದುಕ ತಿದ್ದುತ್ತಿದ್ದ, ಶೈಲಾ ಬರೆಯುತ್ತಿದ್ದಳು. ಒಂದು ಹಾಡಿನಲ್ಲಿ, ಮಾತು ಮೀರಿದ ಹೆಂಡತಿಗೆ ಬಾರುಕೋಲೇ ಮದ್ದು ಎಂಬ ಅರ್ಥದ ಸಾಲು ಬಂದಾಗ ಶೈಲಾಳ ಪೆನ್ನು ನಿಂತಿತು. ಅವಳ ಎಡ ಮುಂಗೈಯಲ್ಲಿ ಹಳೆಯ ಗಾಯದ ಗೆರೆಗಳಿದ್ದವು. ಗಂಡ ಮಾಡಿದ್ದು ಎಂದು ಅವಳು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಬರೀಲ್ಯಾ ದೊಡ್ಡಮಾವ?"

ಶಿದ್ರಾಮಪ್ಪ ತನ್ನ ಅಂಗೈ ನೋಡಿಕೊಂಡ. "ಬರಿ. ಹಾಡಿದಾಂವ ನಾನ ಅದೇನಿ. ಮಂದಿ ಚಪ್ಪಾಳಿ ತಟ್ಟಿದ್ರು. ಅದನ್ನ ಕೇಳಕೋಂತ ಆ ಹುಡಗ, ವೀರೇಶ, ನನ್ನ ತೊಡಿ ಮ್ಯಾಲ ಕುಂತಿದ್ದ." ನೋಟುಬುಕ್ಕಿನ ಕಡೆ ಕೈ ತೋರಿಸಿ ಹೇಳಿದ: "ಎದುರಿನ ಹಾಳಿ ಖಾಲಿ ಬಿಡು. ಅದಕ್ಕ ಸಾವಕ್ಕ ಏನ ಹೇಳಿದ್ಲು, ಅದನ್ನ ಅಲ್ಲಿ ಬರಿ."

ಹೀಗೆ ಎಡಗಡೆ ಅವನದು, ಬಲಗಡೆ ಅವಳದು ಆಯಿತು. ಅವಳ ಕೆಲವು ಉತ್ತರಗಳು ಈಗ ನೋಡಿದರೆ ಪೊಳ್ಳಾಗಿ ಕಂಡವು. ಅವನ್ನು ಹೊಸದಾಗಿ ಕಟ್ಟಿದಳು. ಕೊನೆಗೊಂದು ದಿನ ಬೀಜ–ಹೊಲದ ಹಾಡೂ ಬಂತು. ಬೆಂಕಿ ಬಿದ್ದ ಮಧ್ಯಾಹ್ನ ಚೀಟಿಯಲ್ಲಿ ತಂದಿದ್ದ ಉತ್ತರವನ್ನು ತಗ್ಗಿದ ದನಿಯಲ್ಲಿ ಹಾಡಿದಳು:

ಬಿತ್ತಿ ಹ್ವಾದಾಂವ ತಿರುಗಿ ನೋಡಲಿಲ್ಲ, ಹೊಲಾ ಕಾದಿತ್ತ ಬಿಸಲ ಸೋಸಿ
ಹಕ್ಕಿ ಬಾಯಾಗೂ ಬೀಜ ಇರತೈತಿ, ಅದ ತಿರುವಲಿಲ್ಲ ಮೀಸಿ

ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಯಾರೂ ನಕ್ಕಿರಲಿಲ್ಲ. ಶಿದ್ರಾಮಪ್ಪ ನಗಲಿಲ್ಲ. ಹುಬ್ಬು ಗಂಟಿಕ್ಕಿ, "ಇದಕ್ಕ ಐತಿ, ಉತ್ತರಾ ಐತಿ, ತಡಿ," ಎಂದು ಶೈಲಾಳಿಗೆ ಊಟ ಬಡಿಸಲು ಹೇಳಿದ.

ಸಂಕ್ರಾಂತಿಯ ನಂತರ ಮುಧೋಳದ ಕಡೆಯ ಒಂದು ಊರಿನವರು ಸಾವಕ್ಕನನ್ನು ಕರೆದರು. ಶಿದ್ರಾಮಪ್ಪನಿಗೆ ಹೊರಗೆ ಹೋಗುವ ಶಕ್ತಿ ಇನ್ನೂ ಬಂದಿರಲಿಲ್ಲ, ಎದುರು ಮೇಳವಿಲ್ಲದೆ ಹಾಡಬೇಕಿತ್ತು. ದಪ್ಪು ಯಾರು ಬಾರಿಸುತ್ತಾರೆ ಎಂದು ಯೋಚಿಸುತ್ತಿರುವಾಗ ಕರೆವ್ವ ಹೊಸ ಚರ್ಮ ಕಟ್ಟಿಸಿದ ದಪ್ಪನ್ನು ಗೂಟದಿಂದ ತೆ‌ಗೆದಳು.

"ಇಪ್ಪತ್ತೆರಡ ವರ್ಷ ಅವನ ಪಕ್ಕದಾಗ ನಿಂತೇನಿ," ಎಂದಳು. "ನನಗ ಬರೂದಿಲ್ಲೇನು?"

ಬರುತ್ತಿರಲಿಲ್ಲ. ಅವಳು ಬಾರಿಸುತ್ತಿದ್ದುದು ಯಾರನ್ನೋ ಹೊಡೆದಂತೆ ಇತ್ತು. ತಾಳ ಓಡುತ್ತಿತ್ತು, ಏಟು ಗಟ್ಟಿಯಾಗುತ್ತ ಹೋಗುತ್ತಿತ್ತು. ಸಾವಕ್ಕ ತಡೆಯಲಿಲ್ಲ. ತನ್ನ ಹಾಡಿನ ಶ್ರುತಿಯನ್ನು ಕೆಳಗಿಳಿಸಿ, ಸಾಲುಗಳನ್ನು ಚಿಕ್ಕದು ಮಾಡಿ, ಆ ಏಟುಗಳ ಮೇಲೆ ಕೂರಿಸಿದಳು.

ಊರ ಚಾವಡಿಯ ಮುಂದೆ ಹಗಲು ಹನ್ನೊಂದಕ್ಕೆ ಶುರುವಾಯಿತು. ಬಂದವರು ಎಪ್ಪತ್ತು ಎಂಬತ್ತು ಜನ. ಹಳೆಯ ಸಾವಕ್ಕನ ಏರುದನಿ ಕೇಳಲು ಬಂದಿದ್ದವರು ಅರ್ಧ ತಾಸಿಗೆ ಎದ್ದು ಹೋದರು. ಒಬ್ಬ ಹೋಗುತ್ತ, "ಆಕೀದು ಮುಗೀತೋ," ಎಂದದ್ದು ಕೇಳಿಸಿತು. ದವಡೆಯ ಕೀಲಿನಲ್ಲಿ ಕಟಕಟ ಎನ್ನುವ ಸದ್ದು ಪ್ರತಿ ಸಾಲಿಗೂ ಬರುತ್ತಿತ್ತು. ಮುಂದಿನ ಸಾಲು ತಲೆಯಲ್ಲಿ ಆಗಲೇ ಬಂದು ಕಾಯುತ್ತಿತ್ತು, ಆದ್ದರಿಂದ ಹಾಡಿದಳು. ಮುಂದೆ ಕುಳಿತಿದ್ದ ಹತ್ತು ಹದಿನೈದು ಹೆಂಗಸರು ಕೊನೆಯವರೆಗೂ ಕದಲಲಿಲ್ಲ. ಕರೆವ್ವನ ಅಂಗೈ ಒಡೆದು ದಪ್ಪಿನ ಚರ್ಮದ ಮೇಲೆ ರಕ್ತದ ಗುರುತು ಬಿದ್ದಿತ್ತು. ಅವಳು ಅದನ್ನು ನೋಡಿದ್ದು ಎಲ್ಲ ಮುಗಿದ ಮೇಲೆ.

ತಿರುಗಿ ಬರುವ ಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಕರೆವ್ವ ಅಂಗೈಗೆ ಬಟ್ಟೆ ಸುತ್ತಿಕೊಂಡು, ಬರುವ ಸೋಮವಾರ ಜೈಲಿಗೆ ಹೋದಾಗ ಗಂಡನಿಗೆ ಏನು ಹೇಳುವುದು ಎಂದು ಕೇಳಿದಳು.

"ತಾಳಾ ಭಾಳ ಓಡಿಸಿದೆ ಅಂತ ಹೇಳು," ಎಂದಳು ಸಾವಕ್ಕ.

ಆಮೇಲೆ ಕಿಟಕಿಯ ಕಡೆ ತಿರುಗಿ, ಆ ದಿನ ಎರಡನೆಯ ಹಾಡಿನಲ್ಲಿ ಒಂದು ಕಡೆ ತಪ್ಪಿ ಹೋಗಿದ್ದ ಸಾಲನ್ನು ತುಟಿಯಲ್ಲೇ ತಿರುವಿ ನೋಡತೊಡಗಿದಳು.